ವಜ್ರಕಾಂತ್ ಬಿಟ್ಟುಕೊಟ್ಟ ಹದಿನಾರು ಪುಟ

ಬೆಂಗಳೂರಿನ ಗಲ್ಲಿಗಳ ಕಥೆಗಳೆಲ್ಲ ಬೆಂಗಳೂರಿನಲ್ಲೇ ತಯಾರಾಗುತ್ತವೆ ಎಂದು ನೀವು ನಂಬಿದ್ದರೆ, ಪುಸ್ತಕದ ಕೆಲಸಕ್ಕೆ ಸೇರುವ ಮೊದಲೇ ಆ ನಂಬಿಕೆಯನ್ನು ಬಿಟ್ಟುಬಿಡಿ. ಬಳ್ಳಾರಿ, ಚಳ್ಳಕೆರೆ, ದಾವಣಗೆರೆಯ ಬಸ್‌ಸ್ಟ್ಯಾಂಡುಗಳಲ್ಲಿ ಒಂದು ಕಾಲಕ್ಕೆ ತಂದಿಟ್ಟ ವಾರದಲ್ಲೇ ಖಾಲಿಯಾಗುತ್ತಿದ್ದ ನಗರ ಕಾದಂಬರಿಗಳು ಆಂಧ್ರದ ರಾಯದುರ್ಗದಲ್ಲಿ ಅಚ್ಚಾಗುತ್ತಿದ್ದವು. ಕೆಳಗೆ ಹೊಲಿಗೆ ಯಂತ್ರ ರಿಪೇರಿ ಅಂಗಡಿ, ಮೇಲಿನ ಮಹಡಿಯಲ್ಲಿ ನಮ್ಮ ಪ್ರಕಾಶನ. ಆ ಮಹಡಿಯಲ್ಲಿ ಕೂತು ಎಷ್ಟು ರೌಡಿಗಳನ್ನು ಸಾಯಿಸಿದೆನೋ, ಎಷ್ಟು ಪ್ರೇಮಿಗಳನ್ನು ಕೂಡಿಸಿದೆನೋ ನನಗೇ ನೆನಪಿಲ್ಲ. ಸಂಪಾದಕಿ ಎಂದು ನನ್ನನ್ನು ಕರೆಯುತ್ತಿದ್ದರು. ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಅದು ನಿಜಕ್ಕೂ ಹೇಗಿರುತ್ತದೆ ಎಂದು ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಮಡಕಶಿರಾ ಕಡೆಯ ಅಗಳಿಯಲ್ಲಿ. ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಎರಡು ಕಡೆಯವರೂ ಕನ್ನಡವನ್ನೇ ಆಡುತ್ತಾರೆ, ಎರಡು ಕಡೆಯವರಿಗೂ ತೆಲುಗು ಬರುತ್ತದೆ. ಆದರೆ ನಮ್ಮೂರಿನವರು "ಬತ್ತೀನಿ ಕಣಕ್ಕ" ಎಂದರೆ, ಇಲ್ಲಿನವರು "ಬರ್ತೀನ್ರಿ ಅಕ್ಕಾರೆ" ಎನ್ನುತ್ತಾರೆ. ಹೊಸ ಸೊಸೆಯಾಗಿದ್ದಾಗ ನನ್ನ ಮಾತು ಕೇಳಿ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮುಂದೆ ಆ ಎರಡು ಬಗೆಯ ಕಿವಿಯೇ ನನಗೆ ಅನ್ನ ಕೊಟ್ಟಿತು. ಪಾತ್ರವೊಂದು ಬಾಯಿ ತೆರೆದ ಕೂಡಲೇ ಅದು ಯಾವ ಸೀಮೆಯದು, ಬರೆದವನು ಆ ಸೀಮೆಯವನೋ ಅಲ್ಲವೋ ಎಂದು ನನಗೆ ತಿಳಿದುಬಿಡುತ್ತಿತ್ತು.

ಪ್ರಕಾಶನದ ಮಾಲೀಕರು ರುದ್ರಪ್ಪನವರು. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಯಾವಾಗಲೂ ಯಾವುದಾದರೊಂದು ಮುಖಪುಟದ ಚಿತ್ರ. ಕೆಲಸ ಕೇಳಿಕೊಂಡು ಹೋದ ದಿನ ಅವರು ನನ್ನ ಓದಿನ ಬಗ್ಗೆ ಏನೂ ವಿಚಾರಿಸಲಿಲ್ಲ. ಒಂದು ಹಸ್ತಪ್ರತಿ ಕೊಟ್ಟು, "ಎಲ್ಲಿ ಬ್ಯಾಸರ ಆಗ್ತದೋ ಅಲ್ಲಿ ಗೆರಿ ಎಳೀರಿ" ಎಂದರು. ನಾನು ಮೊದಲ ಪುಟದಲ್ಲೇ ಗೆರೆ ಎಳೆದೆ. ಅವರು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿ, ನಾಳೆಯಿಂದ ಬರಲು ಹೇಳಿದರು.

"ನೋಡ್ರಿ ಜಯಮ್ಮಾರೆ," ಎಂದು ಅವರು ಆಗಾಗ ಹೇಳುತ್ತಿದ್ದರು, "ಓದೋರು ನಮ್ಮನಿ ಸೊಸಿ ಅಲ್ಲ, ನೀಡಿದ್ದನ್ನ ಸುಮ್ನ ಉಣ್ಣಾಕ. ಉಪ್ಪು ಕಮ್ಮಿ ಆದ್ರ ತಾಟು ಸರಿಸಿ ಎದ್ದು ಹೋಗ್ತಾರ."

ರುದ್ರಪ್ಪನವರ ದೊಡ್ಡ ಆಸ್ತಿಯೆಂದರೆ ವಜ್ರಕಾಂತ್. ಬೆಂಗಳೂರಿನ ಭೂಗತ ಲೋಕದ ಕಾದಂಬರಿಗಳನ್ನು ಬರೆಯುತ್ತಿದ್ದ ಈ ಲೇಖಕನಿಗೆ ಎಷ್ಟೊಂದು ಜನ ಹುಚ್ಚೆದ್ದು ಓದುವವರಿದ್ದರು! ಕಪ್ಪು ಕನ್ನಡಕ ಹಾಕಿಕೊಂಡು ಹೋಟೆಲಿನ ಮೇಲಂತಸ್ತಿನಲ್ಲಿ ಕೂತು ಬರೆಯುವ ಮನುಷ್ಯ ಎಂದೇ ಎಲ್ಲರ ಕಲ್ಪನೆ. ನನ್ನದೂ ಅದೇ ಆಗಿತ್ತು. ಒಮ್ಮೆ ಅಧ್ಯಾಯಗಳು ಬರುವುದು ತಡವಾಗಿ, ಅಚ್ಚಿನ ಕೆಲಸ ನಿಂತಾಗ ರುದ್ರಪ್ಪನವರು ನನ್ನನ್ನೇ ಆ ಲೇಖಕರ ಊರಿಗೆ ಕಳಿಸಿದರು. ಮಡಕಶಿರಾಕ್ಕೆ ಬಂದು, ಅಲ್ಲಿಂದ ಆಟೊ ಹಿಡಿದು ಗುಡಿಬಂಡೆಯ ಆಚೆಗಿನ ಒಂದು ಬೋರ್‌ವೆಲ್ ತೋಟದ ಮುಂದೆ ಇಳಿದೆ. ಪಂಚೆ ಎತ್ತಿ ಕಟ್ಟಿ, ಸನಿಕೆ ಹಿಡಿದು ಟೊಮೇಟೊ ಸಾಲಿಗೆ ನೀರು ತಿರುಗಿಸುತ್ತಿದ್ದ ಒಬ್ಬರನ್ನು, "ವಜ್ರಕಾಂತ್ ಅವರ ಮನೆ ಎಲ್ಲಿ?" ಎಂದು ಕೇಳಿದೆ.

"ನಾನೇ ಕಣಮ್ಮ," ಎಂದರು ಅವರು. "ಮನೇಲಿ ಅನುಮಂತರಾಯಪ್ಪ ಅಂತಾರೆ. ಕುಂತ್ಕಳಮ್ಮ, ಇನ್ನೆರಡು ಸಾಲು ಐತೆ. ಕರೆಂಟು ಓದ್ರೆ ಮತ್ತೆ ಯಾವಾಗ ಬತ್ತದೋ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮೂರ ಮಾತು ಕಿವಿಗೆ ಬಿದ್ದ ಸಂತೋಷವೂ ಆಗಿತ್ತು. "ಅಣ್ಣ, ನಿಮ್ ಈರೋನ ಲಾಡ್ಜಾಗೆ ಕೂಡಾಕಿ ತಿಂಗಳಾಗ್ತಾ ಬಂತು. ಬಿಡ್ಸೋದು ಯಾವಾಗ?" ಎಂದೆ.

"ಇವತ್ತು ಬಿಡಿಸ್ತೀನಮ್ಮ. ಅವ್ನು ಯೆಂಗೆ ಆಚೆ ಬತ್ತಾನೆ ಅಂತ ನಂಗೂ ಈಗ ತಾನೇ ಒಳೀತು. ಟೊಮೇಟೊ ಲಾರೀಲಿ ಬತ್ತಾನೆ."

ಹನುಮಂತರಾಯಪ್ಪನವರು ತಮ್ಮ ತೋಟದ ಟೊಮೇಟೊ ಜೊತೆಗೆ ಲಾರಿಯಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ವರ್ಷಗಟ್ಟಲೆ ಹೋಗಿಬಂದವರು. ಹಮಾಲಿಗಳು, ಲಾರಿ ಚಾಲಕರು, ದಲ್ಲಾಳಿಗಳು, ಅಗ್ಗದ ಲಾಡ್ಜುಗಳ ಮ್ಯಾನೇಜರುಗಳು ಎಲ್ಲರೂ ಅವರಿಗೆ ಗೊತ್ತು. ನಗರ ಎಂದರೆ ಅವರಿಗೆ ಎತ್ತರದ ಕಟ್ಟಡವಲ್ಲ, ಬೆಳಗಿನ ಜಾವ ಮೂಟೆ ಹೊರುವವರ ಬೆನ್ನು. ಅವರ ಪುಸ್ತಕಗಳು ಖರ್ಚಾಗುತ್ತಿದ್ದುದು ಬಂದೂಕಿನಿಂದಲ್ಲ, ಆ ಬೆನ್ನುಗಳಿಂದ ಎಂದು ನನಗೆ ಅಂದು ಅರ್ಥವಾಯಿತು. ಲೇಖಕರನ್ನು ಅವರ ಜಾಗದಲ್ಲಿ ಒಮ್ಮೆ ನೋಡಿ ಬನ್ನಿ ಎಂದು ಹೊಸಬರಿಗೆ ನಾನು ಹೇಳುವುದು ಇದಕ್ಕೇ.

ಅವರ ಪುಸ್ತಕದಲ್ಲೇ ನಮ್ಮ ಪ್ರಕಾಶನದ ಅತಿ ದೊಡ್ಡ ಎಡವಟ್ಟೂ ಆಯಿತು. ಒಂದು ದಿನ ದಾವಣಗೆರೆಯ ಅಂಗಡಿಯವರು ಫೋನು ಮಾಡಿ, "ಏನ್ರೀ ಇದು, ಪುಸ್ತಕದ ನಡುವೆ ಒಂದೂವರೆ ಪುಟ ತೆಲುಗಿನಲ್ಲಿದೆ!" ಎಂದು ಗದರಿದರು. ತೆಗೆದು ನೋಡಿದರೆ ಮಾತು ಕನ್ನಡವೇ, ಅಕ್ಷರ ತೆಲುಗು. ಬರೆಯುವ ಭರದಲ್ಲಿ ಹನುಮಂತರಾಯಪ್ಪನವರು ತೆಲುಗು ಲಿಪಿಗೆ ಹೊರಳಿದ್ದಾರೆ, ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದವನು ಇದ್ದುದನ್ನು ಇದ್ದ ಹಾಗೆಯೇ ಹೊಡೆದಿದ್ದಾನೆ, ನಾನು ಓದಿದ್ದೇನೆ, ರುದ್ರಪ್ಪನವರೂ ಓದಿದ್ದಾರೆ. ಒಬ್ಬರಿಗೂ ಗೊತ್ತಾಗಿಲ್ಲ! ನಮಗೆಲ್ಲ ಎರಡೂ ಲಿಪಿ ನೀರು ಕುಡಿದ ಹಾಗೆ.

"ನನಗೆ ಓದಾಕ ಬಂತಲ್ಲ, ತಪ್ಪೈತಿ ಅಂತ ಯಾಕ ಅನ್ನಿಸ್ಬೇಕು?" ಎಂದು ರುದ್ರಪ್ಪನವರು ನನ್ನನ್ನೇ ಕೇಳಿದರು. ಅಲ್ಲಿಂದಾಚೆ ತೆಲುಗು ಬಾರದ ಒಬ್ಬರ ಕಣ್ಣಿಗೆ ತೋರಿಸದೆ ನಾನು ಯಾವ ಪುಸ್ತಕವನ್ನೂ ಅಚ್ಚಿಗೆ ಬಿಟ್ಟಿಲ್ಲ.

ನಾನು ಸೇರಿದಾಗ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಟಿವಿ ಧಾರಾವಾಹಿ, ಅದರ ಹಿಂದೆ ಎಲ್ಲರ ಕೈಗೂ ಫೋನು. ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಗಳು ಚಿಪ್ಸಿನ ಅಂಗಡಿಗಳಾದವು. ವಜ್ರಕಾಂತ್ ಹೆಸರಿದ್ದ ಪುಸ್ತಕ ಮಾತ್ರ ಹೋಗುತ್ತಿತ್ತು, ಉಳಿದವು ಕಟ್ಟು ಬಿಚ್ಚದೆ ವಾಪಸು ಬರುತ್ತಿದ್ದವು. ಇನ್ನು ಈ ಕೆಲಸ ಮುಗಿಯಿತು ಎಂದು ನಾನು ಅಂದುಕೊಂಡಿದ್ದ ಹೊತ್ತಿನಲ್ಲಿ ನನ್ನ ಫೋನಿಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು.

"ನಮಸ್ಕಾರ ಮೇಡಂ. ನಾನೊಂದು ಕಥಿ ಬರಿಯಾಕತ್ತೀನಿ. ಕಳಿಸ್ಲೇನ್ರಿ?"

ಕಳಿಸಿ ಎಂದೆ. ಮರುದಿನದಿಂದ ಮಧ್ಯಾಹ್ನದ ಊಟದ ಹೊತ್ತಿಗೆ ತುಂಡುತುಂಡಾಗಿ ಬರತೊಡಗಿತು. ರಾಯದುರ್ಗದ ಜೀನ್ಸ್ ಹೊಲಿಯುವ ಯುನಿಟ್ಟುಗಳನ್ನು ಬಲ್ಲವರಿಗೆ ಗೊತ್ತು, ಅಲ್ಲಿ ಒಬ್ಬರು ಇಡೀ ಪ್ಯಾಂಟು ಹೊಲಿಯುವುದಿಲ್ಲ. ಒಬ್ಬಳು ಜಿಪ್ಪು, ಒಬ್ಬಳು ಸೊಂಟದ ಪಟ್ಟಿ, ಒಬ್ಬಳು ಜೇಬು. ಕಥೆಯ ನಾಯಕಿ ಪಾರ್ವತಿ ದಿನವಿಡೀ ಹಿಂದಿನ ಜೇಬು ಹೊಲಿಯುವವಳು. ಅವಳ ಸ್ವಂತ ಉಡುಪಿನಲ್ಲಿ ಒಂದೂ ಜೇಬಿಲ್ಲ. ಯುನಿಟ್ಟಿನ ಹೆಂಗಸರ ಬಾತ್‌ರೂಮಿನ ಬಾಗಿಲಿಗೆ ಚಿಲಕವಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಕಾವಲು ನಿಲ್ಲಬೇಕು. ಪಾರ್ವತಿ ಒಂದು ದಿನ ಚಿಲಕ ಕೇಳುತ್ತಾಳೆ, ಅಲ್ಲಿಂದ ಕಥೆ ಓಡಲು ಶುರುವಾಗುತ್ತದೆ. ಊಟದ ಡಬ್ಬಿ ಪಕ್ಕಕ್ಕಿಟ್ಟು ನಾನು ಆ ಸಂದೇಶಗಳನ್ನು ಓದುತ್ತಿದ್ದೆ. ಗೆರೆ ಎಳೆಯಬೇಕೆಂದು ಎಲ್ಲೂ ಅನ್ನಿಸಲಿಲ್ಲ.

ರಜೆಯ ದಿನ ಕಥೆ ಬರೆದವಳನ್ನು ಕಚೇರಿಗೆ ಕರೆಸಿದೆ. ಹೊನ್ನೂರಮ್ಮ ಎಂದು ಹೆಸರು, ಬೊಮ್ಮನಹಾಳ್ ಕಡೆಯ ಹಳ್ಳಿಯವಳು. ಮದುವೆಯಾದ ಮೇಲೆ ರಾಯದುರ್ಗಕ್ಕೆ ಬಂದು ಯುನಿಟ್ಟು ಸೇರಿದ್ದಳು. ಬರೆಯುವುದನ್ನು ಯಾರು ಕಲಿಸಿದರು ಎಂದು ಕೇಳಿದೆ.

"ಯಾರೂ ಇಲ್ರಿ. ವಜ್ರಕಾಂತ್ ಅವ್ರ ಪುಸ್ತಕ ಎಲ್ಲಾ ಓದೀನ್ರಿ. ಅದ್ರಾಗ ಹೆಣ್ಮಕ್ಳು ಅಳಾಕಷ್ಟ ಬರ್ತಾರ. ಉಳಿದ ಹೊತ್ತು ಅವ್ರು ಏನ್ ಮಾಡ್ತಿರ್ತಾರಂತ ನಾನಾದ್ರೂ ಬರಿಯೋಣ ಅನ್ನಿಸ್ತ್ರಿ."

ರುದ್ರಪ್ಪನವರು ಕಾದಂಬರಿಯನ್ನು ಪೂರ್ತಿ ಓದಿದರು. ಅವರು ಹಾಗೆ ಪೂರ್ತಿ ಓದುವುದೇ ಅಪರೂಪ. "ಚಲೋ ಐತ್ರಿ," ಎಂದರು. "ಆದ್ರ ಇದನ್ನ ನಗರ ಕಾದಂಬರಿ ಅಂತ ಹೆಂಗ ಮಾರ್ಲಿ? ರಾಯದುರ್ಗ ಒಂದು ನಗರಾನಾ?"

"ಹೊಲಿಗೆ ಯಂತ್ರದ ಸದ್ದಿಗೆ ಪಕ್ಕದಲ್ಲಿದ್ದೋರ ಮಾತು ಕೇಳಿಸದೇ ಇರೋ ಊರು ನಗರ ಅಲ್ಲವಾ ಸಾರ್?" ಎಂದೆ.

ಅವರು ನಗಲಿಲ್ಲ. ಬಸ್‌ಸ್ಟ್ಯಾಂಡುಗಳಿಗೆಲ್ಲ ಪುಸ್ತಕ ಹಂಚುತ್ತಿದ್ದ ವ್ಯಾಪಾರಿ ಆಗಲೇ ಅವರಿಗೆ ಎರಡು ಮಾತು ಹೇಳಿದ್ದ. ಕಥೆಯನ್ನು ಬೆಂಗಳೂರಿಗೆ ಸಾಗಿಸಬೇಕು, ಮೇಲೆ ವಜ್ರಕಾಂತ್ ಎಂದು ಹೆಸರು ಹಾಕಬೇಕು. ಹಾಗಿದ್ದರೆ ಎಷ್ಟು ಪ್ರತಿ ಬೇಕಾದರೂ ಕೊಳ್ಳುತ್ತೇನೆ, ಇಲ್ಲದಿದ್ದರೆ ಒಂದೂ ಬೇಡ ಎಂದಿದ್ದ. ರುದ್ರಪ್ಪನವರು ಕೆಟ್ಟವರಲ್ಲ. "ಆಕಿಗೂ ಒಳ್ಳೇದ್ರಿ," ಎಂದರು. "ಆಕಿ ಹೆಸ್ರಿದ್ರ ಆ ಯುನಿಟ್ ಮಾಲೀಕ ಕೆಲಸದಾಗ ಇಟ್ಕೋತಾನೇನು?"

ಆ ಕೊನೆಯ ಮಾತು ನಿಜವಾಗಿತ್ತು. ಆದ್ದರಿಂದ ಎಲ್ಲವನ್ನೂ ಹೊನ್ನೂರಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಹೇಳಿದಳು: "ಮೇಡಂ, ನಾವು ಹೊಲಿಯೋ ಪ್ಯಾಂಟಿನ ಮ್ಯಾಲ ಯಾವ್ದೋ ಕಂಪನಿ ಹೆಸ್ರು ಹಚ್ತಾರ. ಅದು ಹೊಟ್ಟಿಪಾಡು, ನಾನೇನೂ ಅನ್ನಂಗಿಲ್ಲ. ಇದಕ್ಕೂ ಮಂದಿ ಹೆಸ್ರು ಹಚ್ಚು ಅಂದ್ರ ಆಗಂಗಿಲ್ರಿ. ಕೆಲಸ ಹೋದ್ರ ಹೋಗ್ಲಿ."

ಅವಳನ್ನು ಒಪ್ಪಿಸಿ ಎಂದು ರುದ್ರಪ್ಪನವರು, ಒಪ್ಪಿಸುವುದಿಲ್ಲ ಎಂದು ನಾನು. ಕೆಲವು ದಿನ ಕಚೇರಿಯಲ್ಲಿ ಟೀ ಕುಡಿಯುವಾಗಲೂ ನಾವು ಮಾತಾಡಲಿಲ್ಲ. ಸಂಪಾದಕಿಯ ಕೆಲಸದಲ್ಲಿ ಇಂಥ ದಿನಗಳು ಬರುತ್ತವೆ. ಆಗ ಲೇಖಕರ ಪಕ್ಕದಲ್ಲಿ ನಿಲ್ಲಲಾರದವರು ಬೇರೆ ಉದ್ಯೋಗ ನೋಡಿಕೊಳ್ಳುವುದು ಮೇಲು.

ಅಷ್ಟರಲ್ಲಿ ಹನುಮಂತರಾಯಪ್ಪನವರು ತಮ್ಮ ಹೊಸ ಕಾದಂಬರಿಯ ಕೊನೆಯ ಕರಡು ನೋಡಲು ರಾಯದುರ್ಗಕ್ಕೆ ಬಂದರು. ಅವರ ಹೆಸರನ್ನು ಬೇರೆಯವರ ಪುಸ್ತಕಕ್ಕೆ ಹಾಕುವ ಮಾತು ನಡೆದಿದೆ ಎಂದು ಅವರಿಗೆ ತಿಳಿಸಲೇಬೇಕಿತ್ತು. ನಾನು ಹೊನ್ನೂರಮ್ಮನ ಪುಟಗಳನ್ನು ಅವರ ಮುಂದಿಟ್ಟು, ಅವಳು ಹೇಳಿದ ಅಳುವ ಹೆಂಗಸರ ಮಾತನ್ನೂ ಮುಚ್ಚಿಡದೆ ಹೇಳಿದೆ. ಅವರು ಕಿಟಕಿಯ ಪಕ್ಕ ಕೂತು ಓದತೊಡಗಿದರು. ಊಟಕ್ಕೆ ಕರೆದರೆ ಕೈ ಆಡಿಸಿ ಬೇಡವೆಂದರು. ಸಂಜೆ ಪುಟಗಳನ್ನು ಜೋಡಿಸಿಕೊಂಡು ರುದ್ರಪ್ಪನವರ ಮೇಜಿನ ಮುಂದೆ ನಿಂತರು.

"ಸಾವ್ಕಾರ್ರೇ, ಇದ್ಕೆ ನನ್ನ ಎಸ್ರು ಆಕ್ಬ್ಯಾಡಿ."

"ಯಾಕ್ರಿ? ಚಲೋ ಇಲ್ಲೇನು?"

"ಚೆನ್ನಾಗೈತೆ. ಅದ್ಕೇ ಬ್ಯಾಡ ಅಂದಿದ್ದು. ನಾಳೆ ಓದೋರು ಇಂಥದ್ದೇ ಇನ್ನೊಂದು ಕೊಡಪ್ಪ ಅಂದ್ರೆ ನಾನೆಲ್ಲಿಂದ ತರ್ಲಿ? ಆ ಎಣ್ಮಗಳು ಬರ್ದಿರೋದು, ಆಯಮ್ಮನ ಎಸ್ರೇ ಇರ್ಲಿ."

"ಆಕಿ ಹೆಸ್ರಿಗೆ ಪುಸ್ತಕ ಹೋಗಂಗಿಲ್ರಿ."

"ನನ್ನ ಎಸ್ರಿಗೆ ಓಯ್ತದಲ್ಲ? ನನ್ನ ಪುಸ್ತಕದ ಕೊನೇಗೆ ಆಯಮ್ಮನ ಮೊದಲನೇ ಅಧ್ಯಾಯ ಸೇರ್ಸಿ. ಅದ್ನ ಕೊಂಡೋರು ಇದ್ನೂ ಓದ್ಲಿ. ಆಮ್ಯಾಕೆ ಬೇಕು ಅಂತಾರೋ ಬ್ಯಾಡ ಅಂತಾರೋ ನೋಡಣ."

ನಮ್ಮ ಪುಸ್ತಕಗಳನ್ನು ಹದಿನಾರು ಪುಟಕ್ಕೊಂದು ಮಡಿಕೆಯಂತೆ ಅಚ್ಚು ಮಾಡಿ ಹೊಲಿಯುತ್ತಾರೆ. ಪುಟ ಹೆಚ್ಚಾದರೆ ಇನ್ನೊಂದು ಮಡಿಕೆ ಸೇರಬೇಕು, ಬೆಲೆ ಏರಿಸಬೇಕು. ರುದ್ರಪ್ಪನವರು ಅದನ್ನೇ ಹೇಳಿದರು. ಹನುಮಂತರಾಯಪ್ಪನವರು ನನ್ನ ಕಡೆ ತಿರುಗಿ, "ಕೆಂಪು ಪೆನ್ನು ತಗಾಳಮ್ಮ" ಎಂದರು.

ಮರುದಿನ ನಾವಿಬ್ಬರೂ ಕೂತು ಅವರದೇ ಕಾದಂಬರಿಯನ್ನು ಕತ್ತರಿಸಿದೆವು. ಸಾಲು ಕೊಯ್ದರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಎಷ್ಟೋ ಲೇಖಕರನ್ನು ನಾನು ನೋಡಿದ್ದೆ. ಇವರು ತಮ್ಮ ಓದುಗರು ಕಾಯುವ, ಮಾರುಕಟ್ಟೆಯಲ್ಲಿ ನಾಯಕನನ್ನು ಅಟ್ಟಾಡಿಸುವ ದೃಶ್ಯಕ್ಕೇ ಬೆರಳಿಟ್ಟರು. ಅಷ್ಟನ್ನೂ ತೆಗೆಯುವುದೇ ಎಂದು ನಾನು ಹಿಂದೆಮುಂದೆ ನೋಡಿದೆ.

"ಬುಟ್ಬುಡಮ್ಮ," ಎಂದರು. "ಇಷ್ಟು ವರ್ಷ ಓಡವ್ನೆ. ಒಂದು ಪುಸ್ತಕದಾಗಾದ್ರೂ ಕುಂತ್ಕಳ್ಲಿ."

ಹದಿನಾರು ಪುಟ ಖಾಲಿಯಾಯಿತು. ಅಲ್ಲಿ ಹೊನ್ನೂರಮ್ಮನ ಮೊದಲ ಅಧ್ಯಾಯ ಬಂತು, ರಾಯದುರ್ಗವೂ ಅವಳ ಹೆಸರೂ ಇದ್ದಂತೆಯೇ. ಅದರ ಮೇಲ್ಗಡೆ ವಜ್ರಕಾಂತ್ ಒಂದು ಸಾಲು ಬರೆದುಕೊಟ್ಟರು: "ನನ್ನ ಕಥೆಗಳಲ್ಲಿ ಅಳುವುದಕ್ಕಷ್ಟೇ ಬರುವ ಹೆಣ್ಣುಮಕ್ಕಳು ಉಳಿದ ಹೊತ್ತು ಏನು ಮಾಡುತ್ತಾರೆಂದು ತಿಳಿಯಬೇಕಿದ್ದರೆ ಮುಂದೆ ಓದಿ." ನನ್ನ ಇಡೀ ವೃತ್ತಿಯಲ್ಲಿ ಒಬ್ಬ ಲೇಖಕ ಇನ್ನೊಬ್ಬರ ಬಗ್ಗೆ ಬರೆದ ಇಂಥ ಮಾತನ್ನು ಮತ್ತೆಲ್ಲೂ ಓದಿಲ್ಲ.

ಪುಸ್ತಕ ಹೊರಟ ಮೇಲೆ ಮೊದಲು ಫೋನು ಮಾಡಿದವರು ಚಳ್ಳಕೆರೆಯ ಅಂಗಡಿಯವರು. "ಆ ಜೇಬಿನ ಕಥೆ ಪೂರ್ತಿ ಯಾವಾಗ ಬರುತ್ತೆ?" ಎಂದು ಕೇಳಿದರು. ಆಮೇಲೆ ಬಳ್ಳಾರಿಯವರು, ಹೊಸಪೇಟೆಯವರು. ಕಡೆಗೆ ಒಂದೂ ಬೇಡ ಎಂದಿದ್ದ ಆ ವ್ಯಾಪಾರಿಯೇ ಮಾಡಿದ. ರುದ್ರಪ್ಪನವರು ಫೋನಿಟ್ಟು, ನನ್ನ ಮುಖ ನೋಡದೆ, "ಜಯಮ್ಮಾರೆ, ಆಕಿ ಹೆಸ್ರು ದಪ್ಪ ಅಕ್ಷರದಾಗ ಹಾಕ್ರಿ. ರಾಯದುರ್ಗನೂ ಇರ್ಲಿ" ಎಂದರು. "ಹಿಂದಿನ ಜೇಬು" ಎಂಬ ಹೆಸರಿನಲ್ಲಿ ಕಾದಂಬರಿ ಬಂತು.

ರುದ್ರಪ್ಪನವರು ಹೆದರಿದ್ದೂ ಆಯಿತು. ಯುನಿಟ್ಟಿನ ಮಾಲೀಕರು ಹೊನ್ನೂರಮ್ಮನಿಗೆ ಬರಹೇಳಿದರು. ಅವಳ ಜೊತೆ ನಾನೂ ಹೋದೆ. ಯಂತ್ರಗಳ ಸಾಲಿನ ಪಕ್ಕದಲ್ಲಿದ್ದ ಅವರ ಮೇಜಿನ ಮೇಲೆ ಪುಸ್ತಕವಿತ್ತು.

"ಇದ್ರಾಗಿನ ಮಾಲೀಕ ನಾನೇನವ್ವಾ?" ಎಂದು ಕೇಳಿದರು.

"ಅಲ್ರಿ ಸಾರ್. ಅದು ಕಥಿ."

"ಹಂಗಾದ್ರ ಬಾತ್‌ರೂಮಿಗೆ ಚಿಲಕ ಇಲ್ಲಂತ ಯಾಕ ಬರ್ದಿ?"

"ಕಥಿಯಾಗಿನ ಬಾಗಿಲಿಗೆ ಇಲ್ರಿ," ಎಂದಳು ಹೊನ್ನೂರಮ್ಮ. "ನಿಮ್ಮ ಬಾಗಿಲಿಗೆ ಐತೇನ್ರಿ?"

ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಕೆಲಸದಲ್ಲಿದ್ದ ಹೆಂಗಸರೆಲ್ಲ ಇತ್ತ ಕಡೆ ನೋಡುತ್ತಿದ್ದರು. ನಾಳೆಯಿಂದ ಬರುವುದು ಬೇಡ ಎಂದು ಮಾಲೀಕರು ಹೇಳಿದರು. ಇಬ್ಬರೂ ಹೊರಗೆ ಬಂದೆವು. ಅವಳು ಅಳುತ್ತಾಳೇನೋ ಎಂದು ಹೆಗಲ ಮೇಲೆ ಕೈ ಇಟ್ಟೆ. "ಮೇಡಂ, ಅವ್ರು ಕಡೀತನಕ ಓದ್ಯಾರ, ನೋಡಿದ್ರೇನ್ರಿ?" ಎಂದಳು. "ಕಥಿಯಾಗ ಮಾಲೀಕ ಬರೂದು ಕಡೀಗ್ರಿ." ಆ ಹೊತ್ತಿನಲ್ಲೂ ಅವಳೊಳಗಿನ ಲೇಖಕಿಗೆ ಓದುಗನೊಬ್ಬ ಸಿಕ್ಕಿದ್ದ!

ಮುಂದಿನ ಕೆಲವು ತಿಂಗಳು ಅವಳು ಮನೆಯಲ್ಲೇ ರವಿಕೆ ಹೊಲಿದು ಸಂಸಾರ ನಡೆಸಿದಳು, ಕಷ್ಟವನ್ನೂ ಕಂಡಳು. ಅದನ್ನು ಮುಚ್ಚಿಟ್ಟು ಬರೀ ಗೆಲುವನ್ನು ಹೇಳಿದರೆ ಹೊಸಬರಿಗೆ ನಾನು ಸುಳ್ಳು ಹೇಳಿದಂತಾಗುತ್ತದೆ. ಒಂದು ದಿನ ಅವಳಿಂದ ನನ್ನ ಫೋನಿಗೆ ಒಂದು ಫೋಟೊ ಬಂತು. ಯುನಿಟ್ಟಿನ ಗೆಳತಿಯರು ಅವಳಿಗೆ ಕಳಿಸಿದ್ದು. ಹಳೆಯ ಬಾಗಿಲ ಮೇಲೆ ಹೊಳೆಯುವ ಹೊಸ ಚಿಲಕ. ಕೆಳಗೆ ಹೊನ್ನೂರಮ್ಮ ಬರೆದಿದ್ದಳು: "ಮೇಡಂ, ನನ್ನ ಪುಸ್ತಕದ ಎರಡನೇ ಮುದ್ರಣ."

ನಾನು ಆ ಫೋಟೊವನ್ನು ರುದ್ರಪ್ಪನವರಿಗೆ ತೋರಿಸಿದೆ. ಅವರು ಮುಖಪುಟದ ಚಿತ್ರ ನೋಡುವ ಹಾಗೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇಷ್ಟು ವರ್ಷ ಪುಸ್ತಕ ಹಾಕೀನಿ," ಎಂದರು, "ಒಂದ್ ಮೊಳೀನೂ ಹೊಡೆಸಿರ್ಲಿಲ್ಲ ನೋಡ್ರಿ."

ಆಮೇಲೆ ಬೇರೊಂದು ಯುನಿಟ್ಟಿನವರು ಹೊನ್ನೂರಮ್ಮನನ್ನು ಕರೆದು ಕೆಲಸ ಕೊಟ್ಟರು. ಯಂತ್ರ ತೋರಿಸುವ ಮೊದಲು ಬಾತ್‌ರೂಮಿನ ಬಾಗಿಲು ತೋರಿಸಿದರಂತೆ. ಅವಳು ಮತ್ತೆ ಕಾದಂಬರಿ ಬರೆದಳು. ಅವಳ ಜೊತೆಯ ಹೆಂಗಸರು ನಮ್ಮ ಮಹಡಿ ಹತ್ತಿ, "ಅಕ್ಕಾರೆ, ನಂದೂ ಒಂದು ಕಥಿ ಐತ್ರಿ" ಎನ್ನತೊಡಗಿದರು. ಎಲ್ಲವೂ ಪುಸ್ತಕವಾಗಲಿಲ್ಲ, ಎಲ್ಲವೂ ಪುಸ್ತಕವಾಗುವಂಥವೂ ಆಗಿರಲಿಲ್ಲ. ಹಾಗೆಂದು ಅವರಿಗೆ ನೇರವಾಗಿ ಹೇಳುವುದೂ ನನ್ನ ಕೆಲಸವೇ ಆಗಿತ್ತು. ಹನುಮಂತರಾಯಪ್ಪನವರು ತಮ್ಮ ಮುಂದಿನ ಹಸ್ತಪ್ರತಿ ಕೊಡುವಾಗ, "ಈ ಸಲ ಈರೋಯಿನ್ ಒಂದು ತೊಟ್ಟೂ ಕಣ್ಣೀರು ಆಕಿಲ್ಲ ಕಣಮ್ಮ, ಬೇಕಾದ್ರೆ ಉಡುಕು" ಎಂದರು. ಹುಡುಕಿದೆ. ನಿಜಕ್ಕೂ ಇರಲಿಲ್ಲ.

ನಾನು ಕೆಲಸ ಬಿಟ್ಟ ಮೇಲೆ, ಈಚೆಗೆ ಒಂದು ದಿನ ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ರಾಯದುರ್ಗಕ್ಕೆ ಬಸ್ಸು ಕಾಯುತ್ತಿದ್ದೆ. ಅದೇ ಬೆಂಚಿನ ಮೇಲೆ ನಡುವಯಸ್ಸಿನ ಹೆಂಗಸೊಬ್ಬರು ಕಾಲ ಬಳಿ ಚೀಲ ಇಟ್ಟುಕೊಂಡು "ಹಿಂದಿನ ಜೇಬು" ಓದುತ್ತಿದ್ದರು. ಕಂಡಕ್ಟರು, "ರಾಯದುರ್ಗ, ರಾಯದುರ್ಗ, ಬರ್ರಿ ಬರ್ರಿ" ಎಂದು ಕೂಗುತ್ತಿದ್ದ. ನಾನು ಎದ್ದಾಗ ಅವರ ಕೈಯಲ್ಲಿದ್ದ ಪುಟ ಯಾವುದೆಂದು ಕಾಣಿಸಿತು. ಪಾರ್ವತಿ ಕೆಲಸ ಕಳೆದುಕೊಂಡು ಊರೆಲ್ಲ ಅಲೆಯುವ ಭಾಗ. ಎದ್ದವಳು ಮತ್ತೆ ಕೂತೆ. ಬಸ್ಸು ಹೊರಳಿ ಹೊರಟೇ ಹೋಯಿತು.

"ನೀವು ಎಲ್ಲಿಗ್ರಿ?" ಎಂದು ಕೇಳಿದೆ.

"ರಾಯದುರ್ಗಕ್ಕ," ಎಂದರು, ತಲೆ ಎತ್ತದೆ.

"ಬಸ್ಸು ಹೋತಲ್ರಿ!"

"ಹೋಗ್ಲಿ ಬಿಡ್ರಿ, ಇನ್ನೊಂದು ಬರ್ತದ," ಎಂದು ಅವರು ಪುಟ ತಿರುವಿದರು. "ಈಕಿಗೆ ಕೆಲಸ ಸಿಗ್ತದೋ ಇಲ್ಲೋ ಮೊದ್ಲು ನೋಡ್ತೀನಿ."